ಒಗ್ಗರಣೆ ಇಲ್ಲದ ಸಾರು

ನಾನು ಬ್ಯಾಂಕಿನ ಕಂಪ್ಯೂಟರ್ ವಿಭಾಗದವನು, ದೆವ್ವ ಗಿವ್ವ ಎಂದರೆ ಸಿಡುಕುವವನು. ೨೦೦೫ರಲ್ಲಿ ಸೂರತ್ತಿನಲ್ಲಿದ್ದಾಗ ಅಡಾಜಣ್‌ನ ಶಂಕರನಾರಾಯಣ ಭಟ್ಟರ ಉಡುಪಿ ಹೋಟೆಲಿಗೆ ವೆಬ್‌ಸೈಟ್ ಮಾಡಿಕೊಟ್ಟೆ. ಅದಕ್ಕೊಂದು ಫೀಡ್ ಸೇರಿಸಿದ್ದೆ. ಭಟ್ಟರ ಹೆಂಡತಿ ಕಮಲಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು, ಗಲ್ಲಾಪೆಟ್ಟಿಗೆ ಪಕ್ಕದ ಕಂಪ್ಯೂಟರಿನಲ್ಲಿ ಆ ದಿನದ ಅಡುಗೆ ಬರೆದರೆ ಸಾಕು, ಸೈಟಿನಲ್ಲಿ ಅದು ತಾನಾಗಿ ಬದಲಾಗುತ್ತಿತ್ತು.

ಮಳೆಗಾಲದಲ್ಲಿ ಕಮಲಮ್ಮ ತೀರಿಕೊಂಡರು. ಹೋಟೆಲಿಗೆ ಬೀಗ ಬಿತ್ತು. ಮರುದಿನ ಫೀಡಿನಲ್ಲಿ ಹೊಸ ಸಾಲು: "ಇಂದು ಸಾರಿಗೆ ಒಗ್ಗರಣೆ ಇಲ್ಲ."

ಸಾವಾದ ಮನೆಯಲ್ಲಿ ಸೂತಕ ಕಳೆಯುವವರೆಗೆ ನಮ್ಮಲ್ಲಿ ಒಗ್ಗರಣೆ ಹಾಕುವುದಿಲ್ಲ. ಯಾರು ಬರೆದದ್ದೆಂದು ಭಟ್ಟರನ್ನು ಕೇಳಿದೆ.

"ಎಂತ ಹೇಳ್ತೀರಿ ಮಾರಾಯ್ರೇ? ಬೀಗದ ಕೈ ನನ್ನ ಸೊಂಟದಲ್ಲೇ ಉಂಟು," ಎಂದರು.

ಇಬ್ಬರೂ ಹೋಗಿ ಬಾಗಿಲು ತೆಗೆದೆವು. ಕಂಪ್ಯೂಟರಿನ ಪ್ಲಗ್ ಕಿತ್ತು ಬದಿಗಿಟ್ಟಿತ್ತು. ಕೀಬೋರ್ಡ್ ಮಾತ್ರ ಒದ್ದೆಯಾಗಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಮನೆಗೆ ಬಂದವನೇ ಆ ಫೀಡನ್ನು ಅಳಿಸಿಹಾಕಿದೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಆಫೀಸಿನಲ್ಲಿ ಸೈಟ್ ತೆರೆದರೆ, ಅದೇ ಜಾಗದಲ್ಲಿ ಅದೇ ಸಾಲು, ಆ ದಿನದ ತಾರೀಖಿನೊಂದಿಗೆ. ಭಟ್ಟರಿಗೆ ಫೋನ್ ಮಾಡಿದೆ.

"ನಾವೆಲ್ಲ ಸೌಖ್ಯ. ನೀವು?" ಎಂದರು.

ಮನೆಗೆ ಬಂದು ಊಟಕ್ಕೆ ಕೂತೆ. ನನ್ನ ಹೆಂಡತಿ ರಮಾಮಣಿ ಬಡಿಸಿದ ಸಾರಿನಲ್ಲಿ ಸಾಸಿವೆಯಿಲ್ಲ, ಕರಿಬೇವಿಲ್ಲ.

"ಎಣ್ಣೆ ಕಾಯಿಸಿದ್ದೆ ರೀ. ಯಾಕೋ ಒಗ್ಗರಣೆ ಹಾಕೋಕೆ ಕೈಯೇ ಬರ್ಲಿಲ್ಲ," ಎಂದಳು.

ಟ್ಯೂಷನ್ನಿಗೆ ಹೋದ ಮಗಳು ಮೇದಿನಿಯ ತಟ್ಟೆ ನನ್ನ ಪಕ್ಕದಲ್ಲಿ ಬೋರಲಾಗಿತ್ತು. ಅವಳ ಸೈಕಲ್ ಇನ್ನೂ ಗೇಟಿನೊಳಗೆ ಬಂದಿರಲಿಲ್ಲ.