ಹಟ್ಟಿಯಂಗಡಿ ತಿರುವಿನ ಮರೆ

ಬಸ್ಸಿನಡಿ ಸಿಕ್ಕಿದ ಸ್ಕೂಟರನ್ನೂ ಅದರಡಿ ಸಿಕ್ಕಿದ ಮಗಳನ್ನೂ ಮೊದಲು ಕಂಡವನು ಭೋಜರಾಜ. ಸಂಜೆ, ಇನ್ನೂ ಬೆಳಕಿರುವಾಗಲೇ, ಹಟ್ಟಿಯಂಗಡಿ ರಸ್ತೆಯ ತಿರುವಿನಲ್ಲಿ, ಅವನ ಮನೆಯೆದುರಿಗೇ! ಸ್ಕೂಟರ್ ನಡುರಸ್ತೆಯಲ್ಲಿ ಕೆಟ್ಟು ನಿಂತಿತ್ತು, ಬಸ್ಸು ಬಂದು ಗುದ್ದಿತ್ತು. ಮಗಳು ಸೌಜನ್ಯಳ ಕಾಲು ಮುರಿಯಿತು. ಹೆಂಡತಿ ವನಜ ಮಗಳ ಜೊತೆ ಆಂಬುಲೆನ್ಸ್ ಹತ್ತಿದಳು. ಭೋಜರಾಜ ಮಾತ್ರ ಊರವರನ್ನು ಕಟ್ಟಿಕೊಂಡು, ಚಾಲಕ ಚಂದ್ರನ ಕಾಲರ್ ಹಿಡಿದು ನಮ್ಮ ಠಾಣೆಗೆ ಬಂದ.

"ಓವರ್‌ಟೇಕ್ ಮಾಡುಕ್ ಹೋಯಿ ನನ್ನ ಹೆಣ್ಣಿನ ಮೇಲೆ ಹತ್ಸಿದ! ಇವ್ನ ಲೈಸೆನ್ಸ್ ಕಿತ್ಕಣಿ!"

ಚಂದ್ರ ಅಮಾಸೆಬೈಲಿನವನು. ಬದಲಿ ಚಾಲಕನಾಗಿ ಆ ರೂಟಿಗೆ ಅವತ್ತೇ ಮೊದಲ ಸಲ ಬಂದಿದ್ದ. ಸ್ಟೇರಿಂಗ್ ಬಿಟ್ಟರೆ ಅವನಿಗೆ ಬೇರೆ ಅನ್ನದ ದಾರಿಯಿಲ್ಲ.

"ತಿರುವಲ್ಲಿ ಎಂತದೋ ಮರೆ ಇದ್ದಿತ್ ಸಾರ್. ಗೋಡೆ ಹಾಂಗೆ! ಅದ್ ದಾಟಿದ ಮೇಲೇ ಸ್ಕೂಟರ್ ಕಂಡದ್ದ್."

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಗೋಡೆಯೂ ಇಲ್ಲ, ಗಿಡವೂ ಇಲ್ಲ. ತಿರುವಿನ ಒಳಬದಿ ಬರೀ ಬಯಲು. ನನಗೆ ಪಿತ್ತ ನೆತ್ತಿಗೇರಿತು. ಹೆಡ್ ಕಾನ್‌ಸ್ಟೇಬಲ್ ಶೀನ ಎಂದರೆ ಸಿಡುಕ ಎಂದೇ ಠಾಣೆಯಲ್ಲಿ ನನಗೆ ಹೆಸರು. ಇರಲಿ. ಸುಳ್ಳು ಹೇಳುವವನನ್ನು ಕಂಡರೆ ನನಗಾಗುವುದಿಲ್ಲ.

ಪುಣ್ಯಕ್ಕೆ ನಮ್ಮ ಸಾಹೇಬರು ಶ್ರೀವಿದ್ಯಾ ಅವರನ್ನು ಕರೆಸಿದ್ದರು. ಬ್ರಹ್ಮಾವರದವರು, ಹೆದ್ದಾರಿ ವಿನ್ಯಾಸದ ಇಂಜಿನಿಯರ್. ಬಂದವರೇ ಟಯರಿನ ಕಪ್ಪು ಗುರುತಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿದರು.

"ಶೀನಣ್ಣ, ಇವನು ಓವರ್‌ಟೇಕ್ ಮಾಡಲೇ ಇಲ್ಲ."

"ಹ್ಯಾಂಗೆ ಹೇಳ್ತ್ರಿ?"

"ಮುಂದಿನ ಗಾಡಿ ದಾಟುವವನು ಬಲಕ್ಕೆ ಬರಬೇಕು. ಗುರುತು ಶುರುವಿನಿಂದಲೂ ಎಡಬದಿಯಲ್ಲೇ ಉಂಟು. ಗುರುತಿನ ಉದ್ದ ನೋಡಿದರೆ ವೇಗವೂ ಗಂಟೆಗೆ ನಲವತ್ತರ ಆಸುಪಾಸು."

"ಹಂಗಾರೆ ನಿಲ್ಸುಕ್ ಎಂತ ದಾಡಿ? ಬಯಲಗೆ ನೂರ್ ಮೀಟರ್ ದೂರ ಕಾಂತಿಲ್ಯಾ?"

"ನನ್ನ ಪ್ರಶ್ನೆಯೂ ಅದೇ. ಕಣ್ಣಿಗೆ ಕಂಡ ಮೇಲೆ ಕಾಲು ಬ್ರೇಕಿಗೆ ಹೋಗಲು ನಾವು ಎರಡೂವರೆ ಸೆಕೆಂಡ್ ಹಿಡಿಯುತ್ತೇವೆ. ಅಷ್ಟರೊಳಗೆ ಬಸ್ಸು ಇಪ್ಪತ್ತೆಂಟು ಮೀಟರ್ ಓಡಿರುತ್ತದೆ. ಬ್ರೇಕ್ ಒತ್ತಿದ ಮೇಲೆ ಇನ್ನೊಂದು ಹದಿನೇಳು. ಒಟ್ಟು ನಲವತ್ತೈದು ಮೀಟರ್ ದೂರ ಕಂಡರೆ ಸಾಕು, ನಿಲ್ಲಿಸಬಹುದು. ನೂರು ಕಂಡವನು ಯಾಕೆ ನಿಲ್ಲಿಸಲಿಲ್ಲ?"

"ಮೊಬೈಲ್ ಕಾಣ್ತಿದ್ದನೇನೋ!"

"ಇರಬಹುದು. ಅಥವಾ ಅವನು ಹೇಳುವುದು ನಿಜ ಇರಬಹುದು."

ಅವರು ರಸ್ತೆ ಬಿಟ್ಟು ಬಯಲಿಗಿಳಿದರು. ಒಂದು ಕಡೆ ಭೋಜರಾಜನ ಕೋಳಿಗಳೆಲ್ಲ ಸೇರಿ ಕೆದಕುತ್ತಿದ್ದವು. ಸುತ್ತೆಲ್ಲ ಹಸಿರು ಹುಲ್ಲು, ಅಲ್ಲಿ ಮಾತ್ರ ದುಂಡಗೆ ಬಿಳಿಚಿದ ನೆಲ. ನಡುವೆ ಈಗಷ್ಟೇ ಮಣ್ಣು ತುಂಬಿದ ಕುಳಿ. ನಾನು ಎರಡು ಸಲ ಅದರ ಮೇಲೇ ನಡೆದು ಹೋಗಿದ್ದೆ! ಶ್ರೀವಿದ್ಯಾ ಏನೂ ಹೇಳದೆ ಭೋಜರಾಜನತ್ತ ತಿರುಗಿದರು. ಅವನು ಅಂಗಳದಲ್ಲಿ ಮುಂಗೈ ತುರಿಸುತ್ತ ನಿಂತಿದ್ದ.

"ದನಗಳಿಗೆ ಹುಲ್ಲು ಎಲ್ಲಿ ಇಟ್ಟಿದ್ದೀರಿ?"

"ಹಟ್ಟಿ ಹಿಂದೆ. ಎಂತಕ್ಕೆ?"

ಕೊಟ್ಟಿಗೆಯ ಹಿಂದೆ ಹೋಗಿ ನೋಡಿದೆವು. ನಮ್ಮ ಕಡೆ ಹುಲ್ಲುಕುತ್ರಿ, ಅಂದರೆ ಬಣವೆ, ಹಾಕುವುದೆಂದರೆ ಒಬ್ಬನ ಕೆಲಸವಲ್ಲ. ಕಂಬದ ಸುತ್ತ ಒಬ್ಬ ಮೇಲೆ ನಿಂತು ತುಳಿಯಬೇಕು, ಕೆಳಗಿನವರು ಭತ್ತದ ಹುಲ್ಲು ಎಸೆದು ಕೊಡಬೇಕು, ಕೊನೆಗೆ ಮಳೆನೀರು ಇಳಿಯದಂತೆ ನೆತ್ತಿ ಕಟ್ಟಬೇಕು. ಈ ಕುತ್ರಿ ಒಂದು ಬದಿಗೆ ವಾಲಿತ್ತು. ನೆತ್ತಿಯೇ ಇರಲಿಲ್ಲ.

"ಒಬ್ಬರೇ ಒಟ್ಟಿದ್ರಾ?"

"ಹೌದ್."

"ಯಾವಾಗ?"

ಅವನು ಮತ್ತೆ ಮುಂಗೈ ತುರಿಸಿಕೊಂಡ.

"ನಿನ್ನೆ ಮಗಳು ಆಸ್ಪತ್ರೆಯಲ್ಲಿದ್ದಳು. ರಾತ್ರಿ ನೀವು ಎಲ್ಲಿದ್ರಿ?"

"ಮನೆಯಗೆ…"

"ಮಗಳ ಹತ್ತಿರ ಯಾಕೆ ಹೋಗಲಿಲ್ಲ?"

ಅವನು ತುರಿಸುವುದನ್ನು ನಿಲ್ಲಿಸಿದ.

ಶ್ರೀವಿದ್ಯಾ ಠಾಣೆಯ ದೊಡ್ಡ ವ್ಯಾನು ತರಿಸಿ ಆ ಬಿಳಿಚಿದ ನೆಲದ ಮೇಲೆ ನಿಲ್ಲಿಸಿದರು. ಸ್ಕೂಟರನ್ನು ಗುದ್ದಿದ ಜಾಗದಲ್ಲೇ ಇಡಿಸಿದರು. ಚಂದ್ರನನ್ನು ಬಸ್ಸಿನ ಸೀಟಿಗೆ ಹತ್ತಿಸಿ, ನನ್ನನ್ನೂ ಅವನ ಹಿಂದೆ ನಿಲ್ಲಿಸಿದರು. ಬಸ್ಸು ನಿಧಾನ ತಿರುವಿಗೆ ಬಂತು. ಸ್ಕೂಟರ್ ಎಲ್ಲಿ? ಇಲ್ಲ! ಮುಂದೆ ಹೋದರೂ ಇಲ್ಲ! ವ್ಯಾನಿನ ಅಂಚು ಸರಿದದ್ದೇ ಗಪ್ಪನೆ ಕಣ್ಣೆದುರು ಬಂತು. ಟೇಪು ಹಿಡಿದರೆ ಮೂವತ್ತೆಂಟು ಮೀಟರ್.

"ಬೇಕಾದದ್ದು ನಲವತ್ತೈದು, ಕಂಡದ್ದು ಮೂವತ್ತೆಂಟು," ಎಂದರು ಶ್ರೀವಿದ್ಯಾ. "ನಾವೆಲ್ಲ ರಸ್ತೆಯನ್ನೇ ನೋಡಿದೆವು. ತಿರುವಿನಲ್ಲಿ ಚಾಲಕನ ನೋಟ ರಸ್ತೆಯ ಮೇಲೆ ಹೋಗುವುದಿಲ್ಲ, ಒಳಬದಿಯ ಬಯಲನ್ನು ಅಡ್ಡ ಹಾಯ್ದು ಹೋಗುತ್ತದೆ. ಅಲ್ಲೊಂದು ಕುತ್ರಿ ಇತ್ತು. ಕೋಳಿ ಹೆಕ್ಕುತ್ತಿರುವುದು ಅದರಿಂದ ಉದುರಿದ ಭತ್ತ. ಕುಳಿ ಅದರ ಕಂಬದ್ದು, ನೆಲ ಬಿಳಿಚಿದ್ದು ಅದರಡಿ ಬಿಸಿಲು ಬೀಳದೆ. ರಾತ್ರೋರಾತ್ರಿ ಒಬ್ಬರೇ ಹುಲ್ಲು ಹೊತ್ತು ಮುಂಗೈಯೆಲ್ಲ ತುರಿಕೆ ಮಾಡಿಕೊಂಡವರು ನೀವು, ಭೋಜರಾಜರೇ. ಮರೆ ಕಟ್ಟಿದ್ದೂ ನೀವೇ, ಬಿಚ್ಚಿದ್ದೂ ನೀವೇ."

ಸೇರಿದ್ದ ಜನರ ಮೇಲೆ ನಾನು ರೇಗಿದೆ. "ಹ್ವಾಯ್, ನಿಮ್ಗೆಲ್ಲ ಗೊತ್ತಿತ್ತಲ್ದಾ? ಬಾಯಿ ಎಂತಕ್ಕೆ ಬಿಡ್ಲಿಲ್ಲೆ?"

"ಕುತ್ರಿ ಸಾ, ವರ್ಷ ವರ್ಷ ಎಲ್ಲಾರೂ ಹಾಕುದೇ," ಎಂದ ಒಬ್ಬ. "ಅದೊಂದ್ ಮರೆ ಅಂದೇಳಿ ನಮ್ಗೆ ಹೊಳಿಲೇ ಇಲ್ಲೆ."

ಭೋಜರಾಜ ಅಲ್ಲೇ ಕುಸಿದು ಕೂತ. "ಗದ್ದಿ ಹಸಿ ಇದ್ದಿತ್. ಎತ್ರದ ಜಾಗ ಅಂದೇಳಿ ರಸ್ತಿ ಬದಿಗ್ ಹಾಕ್ದೆ. ಬಸ್ ಗುದ್ದಿದ ಮೇಲೇ ನಂಗೆ ಗೊತ್ತಾದ್ದ್. ನನ್ನ ಹೆಣ್ಣನ್ನ ನಾನೇ ಕೊಲ್ತಿದ್ದೆ ಅಂದೇಳಿ ಹ್ಯಾಂಗೆ ಹೇಳುದ್? ಯಾವ ಮುಖ ಹೊತ್ಕಂಡ್ ಆಸ್ಪತ್ರಿಗ್ ಹೋಪುದ್?"

"ಅದಕ್ಕೆ ಇವ್ನ ತಲೆಗ್ ಕಟ್ದ್ಯಾ?" ಎಂದೆ. ಸುಳ್ಳು ಹೇಳಿಕೆಯ ಕೇಸು ಅವನ ಮೇಲೆ ಬೀಳದೆ ಇರುವುದಿಲ್ಲ. ಆದರೂ ಆ ಮುಖ ನೋಡಿ ನನ್ನ ಸಿಟ್ಟು ಅರ್ಧಕ್ಕೆ ಇಳಿಯಿತು.

"ಇನ್ನೊಂದು ಮಾತು," ಎಂದರು ಶ್ರೀವಿದ್ಯಾ. "ಅರವತ್ತರಲ್ಲಿ ಬಂದಿದ್ದರೆ ನಿಲ್ಲಿಸಲು ಎಂಬತ್ತು ಮೀಟರ್ ಬೇಕಿತ್ತು. ಗೊತ್ತಿಲ್ಲದ ರಸ್ತೆ ಎಂದು ಚಂದ್ರ ನಿಧಾನ ಬಂದ. ಅದಕ್ಕೇ ಪೆಟ್ಟು ಕಾಲಿಗೆ ಬಂದು ನಿಂತಿತು. ಇಲ್ಲದಿದ್ದರೆ ಜೀವ ಹೋಗುತ್ತಿತ್ತು."

ಮಗಳ ಬಟ್ಟೆಗೆಂದು ಬಂದಿದ್ದ ವನಜ ಎಲ್ಲವನ್ನೂ ಕೇಳುತ್ತ ಬಾಗಿಲಲ್ಲಿ ನಿಂತಿದ್ದಳು. ಗಂಡನನ್ನು ದಾಟಿ ಸೀದಾ ಚಂದ್ರನ ಬಳಿ ಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು.

"ಮಗಾ, ನನ್ನ ಹೆಣ್ಣ್ ಉಳ್ದದ್ದ್ ನಿನ್ನಿಂದ. ಈ ಋಣ ನಾ ಯಾವ ಜನ್ಮದಗೆ ತೀರ್ಸುದ್?"

"ಅಕ್ಕಾ, ಡಾಕ್ಟ್ರ್ ಕಾಲ್ ಸರಿ ಆತ್ತಂಬ್ರಾ?" ಎಂದು ಕೇಳಿದ ಚಂದ್ರ. ನನ್ನ ಕಣ್ಣು ಒದ್ದೆಯಾಯಿತು. ಶ್ರೀವಿದ್ಯಾ ಅವರಿಗೆ ಕೈ ಮುಗಿದೆ. ಅವರು ಬಾರದಿದ್ದರೆ ಒಬ್ಬ ಒಳ್ಳೆಯ ಚಾಲಕನನ್ನು ನಾನೇ ಒಳಗೆ ಹಾಕುತ್ತಿದ್ದೆ.

ವನಜ ಗಂಡನತ್ತ ನೋಡಿದಳು. "ಏಳಿ. ಅಪ್ಪ ಎಲ್ಲಿ ಅಂದೇಳಿ ಮಗಳ್ ಕೇಂತ್ಲ್. ನೀವೇ ಬಾಯಿ ಬಿಟ್ಟ್ ಹೇಳಿ ಅವ್ಳಿಗೆ." ಆಮೇಲೆ ಚಂದ್ರನ ಕಡೆ ತಿರುಗಿದಳು. "ನೀನೂ ಬಾ ಮಗಾ. ಎಚ್ರ ಆದಾಗಿಂದ ಇನ್ನೊಂದೂ ಕೇಂತಿದ್ಲ್, ಅಮ್ಮಾ, ಬ್ರೇಕ್ ಹಾಕ್ದವ್ರ್ ಯಾರ್ ಅಂದೇಳಿ."