ಅಂಜನಾ ಈಸ್ ಡಿಟೇನ್ಡ್

ಏಪ್ರಿಲ್ ಒಂಬತ್ತರ ಮಧ್ಯಾಹ್ನ ಮೂರೂವರೆ. ಬಳ್ಳಾರಿಯ ಕೋಟೆ ಗುಡ್ಡದ ಕಾವು ಠಾಣೆಯೊಳಕ್ಕೂ ಬಂದು ಕೂತಿತ್ತು. ತಲೆಗೂದಲಿಗೆ ತೌಡು ಮೆತ್ತಿಕೊಂಡಿದ್ದ ಒಬ್ಬ ಮನುಷ್ಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೀದಾ ಇನ್ಸ್‌ಪೆಕ್ಟರ್ ಶ್ರೀವಾಣಿಯ ಮೇಜಿನ ಮುಂದೆ ನಿಂತ.

"ನನ್ನ ಮಗಳನ್ನ ಯಾಕ ಹಿಡದೀರ್ರಿ? ಏನ್ ಮಾಡ್ಯಾಳ ಅಕಿ?"

"ಯಾರನ್ನೂ ಹಿಡಿದಿಲ್ಲವಲ್ಲ ನಾವು."

"ಸುಳ್ಳ್ ಹೇಳಬ್ಯಾಡ್ರಿ ಮೇಡಂ. ಮೆಸೇಜ್ ಬಂದೈತಿ."

ಅವನ ಹೆಸರು ಮರಿಬಸಪ್ಪ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಬೆಳಿಗ್ಗೆ ಮೊಬೈಲಿಗೆ ಬಂದ ಇಂಗ್ಲಿಷ್ ಸಂದೇಶವನ್ನು ಗಿರಣಿಯ ಗುಮಾಸ್ತ ಓದಿ, ಪೊಲೀಸರು ಹಿಡಿದಿಟ್ಟುಕೊಂಡಿದ್ದಾರೆ ಎಂದು ಅರ್ಥ ಹೇಳಿದ್ದ. ಮರಿಬಸಪ್ಪ ಸಿರುಗುಪ್ಪದ ಠಾಣೆಗೆ ಓಡಿದ್ದ. ಅವರು ಬಳ್ಳಾರಿಗೆ ಹೋಗು ಎಂದು ಸಾಗಹಾಕಿದ್ದರು.

ಶ್ರೀವಾಣಿ ಮೊಬೈಲು ತೆಗೆದುಕೊಂಡು ನೋಡಿದಳು. 'ಯುವರ್ ವಾರ್ಡ್ ಅಂಜನಾ ಎಂ., ನೈನ್ ಬಿ, ಈಸ್ ಡಿಟೇನ್ಡ್.' ಕೆಳಗೆ ಬಳ್ಳಾರಿಯ ಸಂತ ತೆಕ್ಲಾ ಪ್ರೌಢಶಾಲೆಯ ಹೆಸರಿತ್ತು.

ಹೆಗಲ ಮೇಲಿಂದ ಇಣುಕಿದ ಕಾನ್‌ಸ್ಟೆಬಲ್ ಹಂಪೇಶ್ ನಕ್ಕುಬಿಟ್ಟ. "ಯಜಮಾನ, ಇದು ನಮ್ದಲ್ಲ, ಸಾಲಿದು. ನಿನ್ನ ಮಗಳು ನಪಾಸ್ ಆಗ್ಯಾಳ, ಅಷ್ಟ."

ಶ್ರೀವಾಣಿಗೂ ನಗು ಬಂತು. "ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಿಸ್ತಾರೆ. ಹಿಡಿದಿಟ್ಟಿಲ್ಲ. ಮನೆಗೆ ಹೋಗ್ರಿ."

"ಹಂಗಾದ್ರ ಅಕಿ ಎಲ್ಲಿ ಅದಾಳ್ರಿ?"

ಆ ಪ್ರಶ್ನೆಗೆ ಇಬ್ಬರ ನಗುವೂ ನಿಂತಿತು.

ಅಂಜನಾ ಕುರುಗೋಡಿನ ಚಿಕ್ಕಮ್ಮ ಹೊನ್ನೂರಮ್ಮನ ಮನೆಯಲ್ಲಿದ್ದುಕೊಂಡು ದಿನವೂ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದಳು. ಹಂಪೇಶ್ ಹೊನ್ನೂರಮ್ಮನಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದ.

"ನಿನ್ನಿ ಕಾರ್ಡ್ ಕೊಟ್ರು ಸಾಹೇಬ್ರ. ವಿಜ್ಞಾನದ ಪ್ರಾಜೆಕ್ಟಿಗೆ ಸೊನ್ನಿ. ಕೊಟ್ಟೇ ಇಲ್ಲ ಅಂತ ಬರದಾರ. 'ಕೊಟ್ಟೀನಿ ಚಿಗವ್ವ, ನನ್ನ ಭತ್ತದ ಗ್ಲಾಸ್ ಲ್ಯಾಬಿನ ಕಿಟಕ್ಯಾಗ ಐತಿ, ಸಿಸ್ಟರಿಗೆ ತೋರಿಸ್ತೀನಿ' ಅಂತ ಮುಂಜಾನಿ ಬಸ್ಸಿಗೆ ಹೋದ್ಳು. ಇನ್ನಾ ಬಂದಿಲ್ರಿ."

ಹುಡುಗಿಗೆ ಹದಿನೈದು ವರ್ಷ. ಅಪ್ರಾಪ್ತೆ ಕಾಣೆಯಾದರೆ ಅಪಹರಣದ ಕಲಂ ಅಡಿಯಲ್ಲೇ ಪ್ರಕರಣ ದಾಖಲಾಗಬೇಕು. ನಾಲ್ಕೂ ಹತ್ತಕ್ಕೆ ಎಫ್‌ಐಆರ್ ಆಯಿತು. ಮರಿಬಸಪ್ಪನನ್ನೂ ಜೀಪಿಗೆ ಹತ್ತಿಸಿಕೊಂಡರು.

ಶಾಲೆಯ ಗೇಟಿನ ಮೇಲೆ ಎರಡಾಳೆತ್ತರದ ಫ್ಲೆಕ್ಸ್. 'ಎಸ್ಸೆಸ್ಸೆಲ್ಸಿ: ಸತತ ನಾಲ್ಕು ವರ್ಷ ನೂರಕ್ಕೆ ನೂರು.' ಅದರಲ್ಲಿ ಫೋಟೋ ಇದ್ದ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಲೂಸಿನಾ ಪೊಲೀಸರನ್ನು ಕಂಡು ಗಾಬರಿಯಾದರೂ, ಕೇಳಿದ ಕೂಡಲೇ ಅಂಜನಾಳ ಪ್ರಗತಿ ಪತ್ರದ ಪ್ರತಿ ತೆಗೆಸಿ ಕೊಟ್ಟರು.

"ನಾವು ಬರೀ ಅಂಕ ನೋಡೋರಲ್ಲ ಮೇಡಂ. ಮಗುವಿನ ಕರುಣೆ, ಶ್ರದ್ಧೆ, ಪ್ರಾಮಾಣಿಕತೆ ಎಲ್ಲಕ್ಕೂ ಗ್ರೇಡ್ ಇದೆ."

"ಪ್ರಾಮಾಣಿಕತೆಗೆ ಎ ಪ್ಲಸ್ ಕೊಟ್ಟಿದ್ದೀರಿ."

"ಹೌದು. ಒಳ್ಳೆ ಹುಡುಗಿ."

"ಆ ಹುಡುಗಿ ಪ್ರಾಜೆಕ್ಟ್ ಕೊಟ್ಟಿದೀನಿ ಅಂದ್ರೆ ಯಾರೂ ನಂಬಲಿಲ್ಲವಾ?"

ಸಿಸ್ಟರ್ ಪಕ್ಕದಲ್ಲಿದ್ದ ವಿಶ್ವಪ್ರಿಯನ ಮುಖ ನೋಡಿದರು. ಪರೀಕ್ಷೆ, ಅಂಕ, ಪಾಲಕರಿಗೆ ಹೋಗುವ ಸಂದೇಶ ಎಲ್ಲವನ್ನೂ ನೋಡಿಕೊಳ್ಳುವ ಸಂಯೋಜಕ ಅವನು. ಇಸ್ತ್ರಿ ಮುರಿಯದ ಅಂಗಿ, ಮೆತ್ತನೆಯ ಮಾತು.

"ಬಂದಿದ್ದಳು. ಸಮಾಧಾನ ಹೇಳಿ ಕಳಿಸಿದೆ. ಹನ್ನೊಂದರ ಹೊತ್ತಿಗೆ ಹೊರಟುಹೋದಳು."

"ನೋಡಿದ್ರಾ?"

"ಗೇಟಿನ ತನಕ ನಾನೇ ಹೋಗಿದ್ದೆ."

"ಪ್ರಾಜೆಕ್ಟು?"

"ಕೊಟ್ಟೇ ಇಲ್ಲ ಮೇಡಂ. ಪ್ರಾಮಾಣಿಕತೆಗೆ ಗ್ರೇಡ್ ಕ್ಲಾಸ್ ಟೀಚರ್ ಹಾಕ್ತಾರೆ, ಅವರಿಗೇನು ಗೊತ್ತು. ಹುಡುಗಿ ಸುಳ್ಳು ಹೇಳ್ತಾಳೆ."

ಬಾಗಿಲ ಹೊರಗಿದ್ದ ಮರಿಬಸಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. "ಏ ಮೇಷ್ಟ್ರ! ನನ್ನ ಮಗಳನ್ನ ಸುಳ್ಳಿ ಅಂತೀಯಾ?" ಹಂಪೇಶ್ ಅವನ ತೋಳು ಹಿಡಿದುಕೊಂಡ.

"ಲ್ಯಾಬ್ ತೋರಿಸಿ," ಎಂದಳು ಶ್ರೀವಾಣಿ.

ಪಡುವಣ ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಗ್ಲಾಸುಗಳು ಸಾಲಾಗಿದ್ದವು. ಒಂದೊಂದರಲ್ಲೂ ಉಪ್ಪು ನೀರು, ಹತ್ತಿ, ಅದರ ಮೇಲೆ ಭತ್ತದ ಸಸಿ; ಮೈಮೇಲೆ ಹುಡುಗರ ರೋಲ್ ನಂಬರು. ಯಾವ ತಳಿ ಸವಳು ನೀರನ್ನು ತಾಳಿಕೊಳ್ಳುತ್ತದೆ ಎಂಬ ಪ್ರಯೋಗ. ಸಸ್ಯಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದ್ದ ಶ್ರೀವಾಣಿ ಒಂದೊಂದನ್ನೇ ಬಗ್ಗಿ ನೋಡುತ್ತ ಹೋದಳು. ಇಪ್ಪತ್ತಾರು ಇತ್ತು. ಅದರಾಚೆ ಇಪ್ಪತ್ತೆಂಟು. ನಡುವಿನ ಜಾಗದಲ್ಲಿ, ಬಿಳಿ ಉಪ್ಪಿನ ಗೆರೆಯೊಳಗೆ ಒಂದು ಗುಂಡನೆಯ ಗುರುತು. ಕಟ್ಟೆಯ ಮೇಲೆಲ್ಲ ಅದಿರಿನ ಕೆಂಪು ದೂಳು ಹಾಸಿದ್ದರೂ ಆ ಗುರುತಿನೊಳಗೆ ಒಂದು ಕಣವಿರಲಿಲ್ಲ. ಏಪ್ರಿಲ್ ಗಾಳಿಗೆ ಬಳ್ಳಾರಿಯ ದೂಳು ಒಂದು ದಿನವೂ ಯಾವ ಜಾಗವನ್ನೂ ಖಾಲಿ ಬಿಡುವುದಿಲ್ಲ.

"ಇಪ್ಪತ್ತೇಳು ಯಾರು ಸಿಸ್ಟರ್?"

"ಅಂಜನಾ," ಎಂದರು ಸಿಸ್ಟರ್.

"ಕೊಡದೇ ಇದ್ದ ಗ್ಲಾಸು ಇಲ್ಲಿ ಗುರುತು ಹೆಂಗೆ ಬಿಡ್ತು ವಿಶ್ವಪ್ರಿಯ? ಇವತ್ತು ಎತ್ತಿಕೊಂಡವರು ಯಾರು?"

ವಿಶ್ವಪ್ರಿಯನ ಕೈ ಪ್ಯಾಂಟಿನ ಜೇಬನ್ನು ಮುಚ್ಚಿತು. ಹಂಪೇಶ್ ಆ ಕೈ ಸರಿಸಿ ಕೀಲಿ ಹೊರಗೆ ತೆಗೆದ.

ಲ್ಯಾಬಿನ ಹಿಂದೆ ಹಳೇ ಬೆಂಚು ಒಟ್ಟುವ ತಗಡಿನ ಕೋಣೆ. ಬೀಗ ತೆಗೆದರೆ ಒಲೆಯ ಬಾಯಿ ತೆಗೆದಂತೆ ಝಳ ಮುಖಕ್ಕೆ ಹೊಡೆಯಿತು. ಮೂಲೆಯಲ್ಲಿ ಅಂಜನಾ ಮಡಿಲಲ್ಲಿ ಗ್ಲಾಸು ಇಟ್ಟುಕೊಂಡು ಕೂತಿದ್ದಳು. ತುಟಿ ಒಡೆದಿತ್ತು. ಖಾಕಿ ಕಂಡವಳೇ ಅಂದಳು, "ನಾ ಸಹಿ ಮಾಡಿಲ್ರಿ."

ಕಾಲ ಬಳಿ ಒಂದು ಹಾಳೆ ಬಿದ್ದಿತ್ತು: ಪ್ರಾಜೆಕ್ಟ್ ಕೊಟ್ಟಿಲ್ಲ, ಬೇರೆಯವರ ಗ್ಲಾಸು ಕದಿಯಲು ಬಂದಿದ್ದೆ. ಸಹಿ ಹಾಕಿದರೆ ಬಾಗಿಲು ತೆಗೆಯುತ್ತೇನೆ ಎಂದು ವಿಶ್ವಪ್ರಿಯ ಹತ್ತೂವರೆಗೆ ಬೀಗ ಜಡಿದಿದ್ದ.

ಮರಿಬಸಪ್ಪ ಮಗಳನ್ನು ಎತ್ತಿಕೊಂಡು ಹೊರಗೆ ತಂದ. ಹಂಪೇಶ್ ತನ್ನ ಬಾಟಲಿ ಅವಳ ಬಾಯಿಗೆ ಹಿಡಿದ. "ಗ್ಲಾಸಿನ್ಯಾಗ ನೀರಿತ್ತಲ್ಲವ್ವಾ, ಕುಡೀಬಾರದಾ?"

"ಉಪ್ಪಿನ ನೀರಣ್ಣ. ಎರಡು ಗುಟುಕು ಕುಡದೆ. ನೀರಡಿಕಿ ಇನ್ನಾ ಜಾಸ್ತಿ ಆತು."

ಶ್ರೀವಾಣಿ ಗೋಡೆ ಕಡೆ ತಿರುಗಿ ನಿಂತಳು. ವಿಶ್ವಪ್ರಿಯನ ಮೇಲಿನ ಸಿಟ್ಟು ಒಂದು ಕಡೆ. ಮಗಳನ್ನು ಹಿಡಿದಿಟ್ಟಿದ್ದಾರೆ ಎಂದು ಈ ಅಪ್ಪ ಬಂದು ಹೇಳಿದಾಗ ಇಂಗ್ಲಿಷ್ ಬಲ್ಲ ತಾನು ನಕ್ಕಿದ್ದೆನಲ್ಲ ಎಂಬ ಸಿಟ್ಟು ಇನ್ನೊಂದು ಕಡೆ.

ಸಿಸ್ಟರ್ ಮುಂದೆ ಬಂದರು. "ನನ್ನ ಕೈಯಾರೆ ದೂರು ಬರೆದು ಕೊಡ್ತೀನಿ."

"ಕೊಡಿ. ಜೊತೆಗೆ ನಿಮ್ಮ ಹೇಳಿಕೆನೂ ಬೇಕು. ಆ ಫ್ಲೆಕ್ಸಿನ ಮೇಲೆ ಇರೋ ಫೋಟೋ ನಿಮ್ಮದು."

ಅಂಜನಾಳನ್ನು ಹಂಪೇಶನ ಜೊತೆ ಆಸ್ಪತ್ರೆಗೆ ಕಳಿಸಿ, ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಬೀಗ, ಕೀಲಿ, ಹಾಳೆ, ರೋಲ್ ನಂಬರ್ ಇಪ್ಪತ್ತೇಳರ ಗ್ಲಾಸು ಒಂದು, ಅದರಲ್ಲಿ ಭತ್ತದ ಸಸಿಗಳು, ಜೀವಂತ. ಸಂಜೆ ಆರೂ ಐದಕ್ಕೆ ವಿಶ್ವಪ್ರಿಯನನ್ನು ಬಂಧಿಸಲಾಯಿತು. ಅಕ್ರಮ ಬಂಧನದ ಕಲಂ ಸೇರಿಕೊಂಡಿತು.

"ನಾನು ಹೊಡೆದಿಲ್ಲ ಮೇಡಂ," ಎಂದ ಠಾಣೆಯಲ್ಲಿ. "ಸಹಿ ಹಾಕಿದ್ದರೆ ಹತ್ತು ನಿಮಿಷದ ಕೆಲಸ."

ಐದು ವರ್ಷದ ಹಿಂದೆ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗ ನಪಾಸಾಗಿದ್ದ. ವಾರ ತುಂಬುವುದರೊಳಗೆ ಆಗಿನ ಸಂಯೋಜಕರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕೆಲಸದಿಂದ ಕಳಿಸಿದ್ದರು. ಆ ಶಾಲನ್ನು ಹೊದಿಸಿದವನೇ ವಿಶ್ವಪ್ರಿಯ. ಅವತ್ತಿನಿಂದ ಒಂಬತ್ತನೇ ತರಗತಿಯ ಮಕ್ಕಳನ್ನು ನೋಡಿದಾಗೆಲ್ಲ ಯಾರಿಗೆ ಎಷ್ಟು ಬರುತ್ತದೆ ಎಂದು ಅವನು ಅಳೆಯಲಿಲ್ಲ. ಮುಂದಿನ ವರ್ಷ ತನ್ನ ಹೆಗಲಿಗೆ ಶಾಲು ತರುವವರು ಯಾರು ಎಂದು ಹುಡುಕಿದ. ಅಂಜನಾ ಕನ್ನಡ ಶಾಲೆಯಿಂದ ಬಂದವಳು, ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದಳು. ಪ್ರಾಜೆಕ್ಟಿಗೆ ಸೊನ್ನೆ ಹಾಕಿ ಅವಳನ್ನು ಒಂಬತ್ತರಲ್ಲೇ ತಡೆಯಲು ಅವನಿಗೆ ಅಷ್ಟು ಸಾಕಾಗಿತ್ತು.

ಹೇಳಿಕೆಗೆ ಸಹಿ ಹಾಕುತ್ತಿದ್ದ ಮರಿಬಸಪ್ಪನ ಮೊಬೈಲು ಗುಂಯ್‌ಗುಟ್ಟಿತು. ಅವನು ಅದನ್ನು ಶ್ರೀವಾಣಿಯ ಮುಂದೆ ಚಾಚಿದ.

ಶಾಲೆಯ ಯಂತ್ರ ತಾನಾಗಿಯೇ ಕಳಿಸಿದ್ದು. 'ಯುವರ್ ವಾರ್ಡ್ ಅಂಜನಾ ಎಂ. ವಾಸ್ ಆಬ್ಸೆಂಟ್ ಟುಡೇ.'

"ಇದರ ಅರ್ಥ ಏನ್ರೀ ಮೇಡಂ?"

ಶ್ರೀವಾಣಿ ಈ ಸಲ ಅರ್ಥ ಹೇಳಲಿಲ್ಲ. ಮೊಬೈಲು ಇಸಿದುಕೊಂಡು, ಜಪ್ತಿಯಾದ ಮುದ್ದೆಮಾಲಿನ ಪಟ್ಟಿಯಲ್ಲಿ ಗ್ಲಾಸಿನ ಕೆಳಗೆ ಅದನ್ನೂ ಬರೆದಳು.