ಪಕ್ಕದ ಬಾಗಿಲ ಬಡಿತ

ಮಂಗಳವಾರ ಸಂಜೆ ನಾಲ್ಕು ಹತ್ತಕ್ಕೆ ಆಶ್ರಯಮನೆಯ ಮೇಲ್ವಿಚಾರಕಿ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಗಂಡನ ಹೊಡೆತ ತಾಳದೆ ನಾಲ್ಕು ದಿನದ ಹಿಂದೆ ಬಂದು ಸೇರಿದ್ದ ಹುಡುಗಿಯನ್ನು ಅದೇ ಗಂಡ ಒಳನುಗ್ಗಿ ಥಳಿಸಿ, ಕೈ ಮುರಿದು ಓಡಿಹೋಗಿದ್ದ. ಎಫ್‌ಐಆರ್ ದಾಖಲಾಯಿತು. ಸಂಜೆ ಆರರೊಳಗೆ ಗಂಡ ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಆಶ್ರಯಮನೆಯ ಗುಟ್ಟಾಗಿಟ್ಟ ವಿಳಾಸ ಕೊಟ್ಟವರು ಯಾರೆಂದರೆ ಮಾತ್ರ ತುಟಿ ಬಿಚ್ಚಲಿಲ್ಲ. ಅಲ್ಲಿ ಇನ್ನೂ ಎಂಟು ಹೆಂಗಸರಿದ್ದರು. ಬಾಯಿಬಿಟ್ಟವರು ಸಿಗುವತನಕ ಅವರಿಗೆ ಆ ಮನೆಯೂ ಮನೆಯಲ್ಲ.

ಪಂಚನಾಮೆಯ ಒಂದು ಸಾಲಿನ ಕೆಳಗೆ ಇನ್‌ಸ್ಪೆಕ್ಟರ್ ಗೆರೆ ಎಳೆದರು: ಗಂಡ ಒಳನುಗ್ಗಿದ ಪಕ್ಕದ ಬಾಗಿಲ ಚಿಲಕ ಮುರಿದಿಲ್ಲ.

"ತೆಗೆದಿದ್ದು ಯಾರು?"

"ಅವಳೇ," ಎಂದರು ಮೇಲ್ವಿಚಾರಕಿ. "ನಮ್ಮ ಸ್ವಯಂಸೇವಕರು ಒಬ್ಬೊಬ್ಬರೂ ಒಂದೊಂದು ಥರ ಬಾಗಿಲು ಬಡೀತಾರೆ ಸಾರ್. ಸದ್ದಿನಲ್ಲೇ ಯಾರು ಅಂತ ಗೊತ್ತಾಗ್ಬೇಕು, ಅದಕ್ಕೆ."

ಯಾರ ಬಡಿತ ಕೇಳಿಸಿತೆಂದು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಹುಡುಗಿ ಗೋಡೆಯ ಕಡೆ ತಿರುಗಿದಳು. "ನೆನಪಿಲ್ಲ."

ಸ್ವಯಂಸೇವಕರು ಮೂವರು: ಡ್ರೈವರ್, ವಕೀಲೆ, ಹೊಲಿಗೆ ಕಲಿಸುವ ಟೀಚರಮ್ಮ. ಎಲ್ಲರ ಕಣ್ಣೂ ಡ್ರೈವರ್ ಮೇಲೆ; ಇದ್ದ ಗಂಡಸು ಅವನೊಬ್ಬನೇ.

"ಇವನೇ ಸಾರ್, ಬೆವರ್ತಾ ಇದಾನೆ," ಎಂದ ಪೇದೆ.

"ಠಾಣೆಗೆ ಕರೆಸಿದ್ರೆ ನಮ್ಮಪ್ಪನೂ ಬೆವರ್ತಾನೆ. ಸುಮ್ನಿರಪ್ಪಾ."

ಬುಧವಾರ ಬೆಳಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಮೂವರನ್ನೂ ಅದೇ ಬಾಗಿಲ ಹೊರಗೆ ನಿಲ್ಲಿಸಿ, ಒಬ್ಬೊಬ್ಬರಾಗಿ ಬಡಿಯಲು ಹೇಳಿದರು. ಮೇಲ್ವಿಚಾರಕಿ ಒಳಗೆ ಕೂತು ಆಲಿಸಿದರು. ಮೊದಲಿಬ್ಬರದು ಸರಿಯಿತ್ತು. ಮೂರನೆಯದು ಟೀಚರಮ್ಮನ ಸರದಿ: ಬಿಡುವಿಲ್ಲದೆ ನಾಲ್ಕು ಬಡಿತ.

"ಇದು ಟೀಚರಮ್ಮಂದಲ್ಲ," ಎಂದರು ಮೇಲ್ವಿಚಾರಕಿ. "ಅವರದು ಎರಡು, ಸ್ವಲ್ಪ ತಡೆದು ಇನ್ನೊಂದು. ನಾಲ್ಕು ವರ್ಷದಿಂದ ಕೇಳ್ತಿದೀನಿ."

ಇನ್‌ಸ್ಪೆಕ್ಟರ್ ಬಾಗಿಲು ತೆಗೆದರು. "ಇವತ್ತು ಯಾಕಮ್ಮಾ ಬದಲಾಯಿಸಿದ್ರಿ?"

ಟೀಚರಮ್ಮ ಬಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆಶ್ರಯಮನೆಗೆ ಸೇರುವಾಗ ಹುಡುಗಿಯ ಅರ್ಜಿ ತುಂಬಿದ್ದು ಅವರೇ. ಗಂಡನ ನಂಬರ್ ಅದರಲ್ಲಿತ್ತು. ಸೋಮವಾರ ಹನ್ನೊಂದು ಇಪ್ಪತ್ತಕ್ಕೆ ಅವರ ಫೋನಿನಿಂದ ಆ ನಂಬರಿಗೆ ಕರೆ ಹೋಗಿದ್ದು ಮಧ್ಯಾಹ್ನದೊಳಗೆ ಖಚಿತವಾಯಿತು.

"ಬಡಿಯೋ ರೀತೀನೂ ಹೇಳಿಕೊಟ್ರಾ?"

"ಹೂಂ."

"ಹೊಡೀತಾನೆ ಅಂತ ಗೊತ್ತಿರಲಿಲ್ವಾ?"

"ಕರ್ಕೊಂಡು ಹೋಗ್ತಾನೆ ಅಂದ್ಕೊಂಡೆ. ಹೊಡೆಯೋದು ಇದ್ದಿದ್ದೇ ಅಲ್ವಾ."

ಒಂದೂವರೆಗೆ ಟೀಚರಮ್ಮನನ್ನು ಬಂಧಿಸಲಾಯಿತು. ಪೇದೆ ಬರೆದುಕೊಳ್ಳುತ್ತಿದ್ದಂತೆ ಅವರು ಹೇಳಿಕೆ ಕೊಟ್ಟರು: "ನಾನು ಮೂವತ್ತೊಂದು ವರ್ಷ ಸಹಿಸ್ಕೊಂಡೆ, ನಮ್ಮ ಯಜಮಾನ್ರು ಸಾಯೋತನಕ. ಇಲ್ಲಿಗೆ ಬರೋರೆಲ್ಲ ನನ್ನ ಹಾಗೇ ಸವೆದು ಬಂದೋರು. ಇವಳು ಮದುವೆಯಾಗಿ ಎಂಟೇ ತಿಂಗಳಿಗೆ ಚೀಲ ಎತ್ಕೊಂಡು ಬಂದ್ಬಿಟ್ಲು. ಬರೋದು ಅಷ್ಟು ಸಲೀಸು ಅಂದ್ರೆ, ನಾನ್ಯಾಕೆ ಅಲ್ಲೇ ಕೂತಿದ್ದೆ ಸಾರ್?"

ಇನ್‌ಸ್ಪೆಕ್ಟರ್ ಸಂಜೆ ಆಸ್ಪತ್ರೆಗೆ ಹೋಗಿ ವಿಷಯ ತಿಳಿಸಿದರು. ಹುಡುಗಿಗೆ ಆಶ್ಚರ್ಯವಾಗಲಿಲ್ಲ.

"ನಾನು ಬಂದ ದಿನ ಹರಿದ ಬಟ್ಟೇನ ಅವರೇ ಹೊಲಿದುಕೊಟ್ಟಿದ್ರು," ಎಂದಳು. "ಅವರ ಹೆಸರು ಹೇಳೋಕೆ ಮನಸ್ಸು ಬರಲಿಲ್ಲ. ಅವರ ಬಡಿತ ಅಂತಲೇ ಓಡಿಹೋಗಿ ತೆಗೆದೆ."